ಭಾನುವಾರ ಹುಟ್ಟಿದ 8088

(ಅವಳು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಪರೀಕ್ಷಿಸುವ ಇಂಜಿನಿಯರ್. ಓದಿದ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದವರು ಗಾಜಿನ ಬೀರುವಿನಲ್ಲಿ ಹಳೆಯ ಪ್ರೊಸೆಸರ್‌ಗಳನ್ನು ಜೋಡಿಸಲು ಹೊರಟಿದ್ದಾರೆ. ಒಂದೊಂದಕ್ಕೂ ಚೀಟಿ ಬರೆಯುವ ಕೆಲಸ ಅವಳ ತಲೆಗೆ ಬಂದಿದೆ. ಅವಳ ಜೊತೆ ಮಾತಿಗೆ ಕೂತವರು ಅವಳ ಸೋದರಮಾವ. ಇತಿಹಾಸದ ಮೇಷ್ಟರಾಗಿ ನಿವೃತ್ತರಾದರೂ ಶಾಸನ ಓದುವ ಚಟ ಬಿಟ್ಟಿಲ್ಲ.)

— 8088ರ ಚೀಟಿಯಲ್ಲಿ 1979ರ ಜುಲೈ 1 ಅಂತ ಬರೆದಿದ್ದೀಯಲ್ಲ, ಯಾರು ಹೇಳಿದ್ದು?

— ಯಾರು ಅಂತ ಹೇಳಲಿ ಮಾವ, ಹತ್ತಾರು ಕಡೆ ಹಾಗೇ ಇದೆ. ಕೆಲವು ಕಡೆ ಜೂನ್ 1 ಅಂತಾನೂ ಇದೆ. ಅದಕ್ಕೇ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೀನಿ.

— ಆ ವರ್ಷ ಜುಲೈ 1 ಭಾನುವಾರ.

— ಅಷ್ಟು ನೆನಪಿದೆಯಾ ನಿಮಗೆ?

— ನೆನಪು ಯಾಕೆ, ಲೆಕ್ಕ ಇದೆಯಲ್ಲ. 1979ರ ಜನವರಿ 1 ಸೋಮವಾರ. ಅಲ್ಲಿಂದ ಜುಲೈ 1ಕ್ಕೆ 181 ದಿನ. ಏಳರಿಂದ ಭಾಗಿಸಿದರೆ ಆರು ಉಳಿಯುತ್ತೆ. ಸೋಮವಾರದಿಂದ ಆರು ದಿನ ಮುಂದೆ ಹೋಗು, ಭಾನುವಾರ. ಅಮೆರಿಕದ ಕಂಪನಿಯವರು ರಜದ ದಿನ ಬಾಗಿಲು ತೆಗೆದು, ಪತ್ರಿಕೆಯವರನ್ನ ಕರೆದು ಹೊಸ ಚಿಪ್ ತೋರಿಸಿದರೇನು?

— ಅನುಮಾನವೇ. ಐಬಿಎಂನವರು ತಮ್ಮ ಮೊದಲ ಪಿಸಿಗೆ ಹಾಕಿಕೊಂಡ ಚಿಪ್ ಇದು. ಆ ಪಿಸಿ 1981ರ ಆಗಸ್ಟ್ 12ಕ್ಕೆ ಪ್ರಕಟವಾಯಿತು, ಅದರಲ್ಲಿ ಯಾರಿಗೂ ತಕರಾರಿಲ್ಲ. ಅದರ ಹೊಟ್ಟೆಯೊಳಗಿರೋ ಚಿಪ್‌ಗೆ ಮಾತ್ರ ಒಂದು ತಾರೀಖು ನಿಲ್ತಾ ಇಲ್ಲ. ಇಂಟೆಲ್‌ನವರೇ ತಮ್ಮ ಪ್ರೊಸೆಸರ್‌ಗಳ ಒಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ‘ಜೂನ್ 1979’ ಅಂತಷ್ಟೇ ಇದೆ, ದಿನ ಇಲ್ಲ.

— ಮಾಡಿದವರೇ ದಿನ ಹೇಳಿಲ್ಲ. ಮಿಕ್ಕವರಿಗೆ ಆ ‘1’ ಎಲ್ಲಿಂದ ಸಿಕ್ಕಿತು?

— ಅದು ನಮ್ಮ ಕಡೆಯ ರೋಗ ಇರಬೇಕು. ಎಕ್ಸೆಲ್ ಹಾಳೆಯಲ್ಲಿ ‘ಜುಲೈ 1979’ ಅಂತ ಟೈಪ್ ಮಾಡಿ ನೋಡಿ, ಅದು ಒಳಗೊಳಗೇ 1-7-1979 ಅಂತ ಇಟ್ಟುಕೊಳ್ಳುತ್ತೆ. ಡೇಟಾಬೇಸ್‌ನಲ್ಲಿ ತಾರೀಖಿನ ಕಾಲಂ ಇದ್ದರೆ ದಿನ ಖಾಲಿ ಬಿಡೋಕೆ ಆಗಲ್ಲ. ಯಾರೋ ಒಬ್ಬರು 1 ತುಂಬಿಸ್ತಾರೆ, ಇನ್ನೊಬ್ಬರು ಅದನ್ನ ನಕಲು ಮಾಡ್ತಾರೆ, ಹತ್ತು ವರ್ಷ ಆದ ಮೇಲೆ ಅದು ಚರಿತ್ರೆ ಆಗುತ್ತೆ. ನನ್ನ ಪಟ್ಟಿಯಲ್ಲೇ ನೋಡಿ: 8008ಕ್ಕೆ 1972ರ ಏಪ್ರಿಲ್ 1, 8080ಗೆ 1974ರ ಏಪ್ರಿಲ್ 1, 80286ಕ್ಕೆ 1982ರ ಫೆಬ್ರವರಿ 1. ಎಲ್ಲರೂ ಒಂದನೇ ತಾರೀಖಿಗೇ ಹುಟ್ಟಿದವರು.

— ನಮ್ಮ ಊರಲ್ಲಿ ಒಂದು ಕಾಲಕ್ಕೆ ಸ್ಕೂಲಿಗೆ ಸೇರಿಸುವಾಗ ಮೇಷ್ಟರು ಜೂನ್ 1 ಅಂತ ಹುಟ್ಟಿದ ದಿನ ಬರೀತಿದ್ದರಲ್ಲ, ಹಾಗೆ. ಇರಲಿ. 1972ರ ಏಪ್ರಿಲ್ 1 ಶನಿವಾರ. ಅದೂ ನಿಲ್ಲಲ್ಲ. 1974ರದ್ದು ಸೋಮವಾರ, 1982ರ ಫೆಬ್ರವರಿ 1 ಕೂಡ ಸೋಮವಾರ.

— ಹಾಗಾದರೆ ಆ ಎರಡು ಸರಿ?

— ಹಾಗೆ ನೆಗೀಬೇಡ. ವಾರ ತಪ್ಪಿದರೆ ತಾರೀಖಿನ ಮೇಲೆ ಅನುಮಾನ ಪಡಬಹುದು. ವಾರ ಹೊಂದಿತು ಅಂದ ಮಾತ್ರಕ್ಕೆ ತಾರೀಖು ಸಾಬೀತಾಗಲ್ಲ. ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಕಂಡರಿಸಿರ್ತಾರೆ. ಅದೃಷ್ಟ ಇದ್ದರೆ ಗ್ರಹಣವೋ ಸಂಕ್ರಾಂತಿಯೋ ಇರುತ್ತೆ. ಸ್ವಾಮಿಕಣ್ಣು ಪಿಳ್ಳೆಯವರ ಎಫಿಮೆರಿಸ್, ಅಂದರೆ ಹಳೆಯ ಕಾಲದ ಪಂಚಾಂಗದ ಕೋಷ್ಟಕ, ಹರಡಿಕೊಂಡು ಕೂತರೆ, ಆ ತಿಥಿಗೆ ಆ ವಾರ ಬರುತ್ತೋ ಇಲ್ಲವೋ ಗೊತ್ತಾಗುತ್ತೆ. ಬರದೇ ಇದ್ದರೆ ಕಂಡರಿಸಿದವನು ಎಡವಿರಬೇಕು, ಇಲ್ಲ, ಆಮೇಲೆ ಯಾರೋ ಹಿಂದಿನ ತಾರೀಖು ಹಾಕಿ ಬರೆಸಿರಬೇಕು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನ ಶಾಸನತಜ್ಞ ಫ್ಲೀಟ್ ಸಾಹೇಬರು ಕೂಟಶಾಸನ, ಅಂದರೆ ನಕಲಿ ಶಾಸನ, ಅಂತ ತಳ್ಳಿಹಾಕಿದರು, ಇನ್ನೊಬ್ಬ ಶಾಸನತಜ್ಞ ರೈಸ್ ಒಪ್ಪಲಿಲ್ಲ, ಇಬ್ಬರಿಗೂ ವರ್ಷಾನುಗಟ್ಟಲೆ ಜಗಳ. ಆದರೆ ಕೂಟಶಾಸನ ಮಾಡೋ ಜಾಣನಿಗೂ ಪಂಚಾಂಗ ನೋಡೋಕೆ ಬರ್ತಿತ್ತು ಅನ್ನೋದು ಮರೀಬಾರದು.

— ಹಾಗಿದ್ದರೆ ಸರಿಯಾಗಿ ದಿನ ಸಿಗೋ ಚಿಪ್‌ಗಳನ್ನ ಹೇಳ್ತೀನಿ, ನೀವು ವಾರ ಹೇಳಿ. 4004, 1971ರ ನವೆಂಬರ್ 15.

— ಸೋಮವಾರ.

— 8086, 1978ರ ಜೂನ್ 8.

— ಗುರುವಾರ.

— 80386, 1985ರ ಅಕ್ಟೋಬರ್ 17. 486, 1989ರ ಏಪ್ರಿಲ್ 10. ಪೆಂಟಿಯಂ, 1993ರ ಮಾರ್ಚ್ 22.

— ಗುರುವಾರ, ಸೋಮವಾರ, ಸೋಮವಾರ. ಇವು ಆಫೀಸು ತೆಗೆದಿರೋ ದಿನಗಳು. ಇವುಗಳಲ್ಲಿ ಮೊದಲನೇದನ್ನ ತಗೋ. ಆ ಸೋಮವಾರ ಏನು ನಡೆಯಿತು?

— ‘ಎಲೆಕ್ಟ್ರಾನಿಕ್ ನ್ಯೂಸ್’ ಅನ್ನೋ ವಾರಪತ್ರಿಕೆಯಲ್ಲಿ ಇಂಟೆಲ್ ಜಾಹೀರಾತು ಕೊಟ್ಟಿತು. ಇಂಟಿಗ್ರೇಟೆಡ್ ಎಲೆಕ್ಟ್ರಾನಿಕ್ಸ್‌ನಲ್ಲಿ ಹೊಸ ಯುಗ ಅಂತ ಅದರ ತಲೆಬರಹ. ಆ ಪತ್ರಿಕೆಗೆ ಸೋಮವಾರದ ತಾರೀಖೇ ಇರ್ತಿತ್ತು.

— ಅಂದರೆ ಅದು ಜಾಹೀರಾತಿನ ದಿನ. ಚಿಪ್ ಅಷ್ಟರೊಳಗೆ ಇತ್ತೋ ಇಲ್ಲವೋ?

— ಇತ್ತು, ಆ ಕಥೆಯೇ ಚೆನ್ನಾಗಿದೆ. ಬಿಸಿಕಾಮ್ ಅಂತ ಜಪಾನಿನ ಕ್ಯಾಲ್ಕ್ಯುಲೇಟರ್ ಕಂಪನಿಯವರು ತಮ್ಮ ಯಂತ್ರಕ್ಕೆ ಚಿಪ್ ಬೇಕು ಅಂತ ಇಂಟೆಲ್‌ಗೆ ಬಂದರು. ಟೆಡ್ ಹಾಫ್ ಮತ್ತು ಸ್ಟ್ಯಾನ್ ಮೇಜರ್ ರೂಪರೇಖೆ ಹಾಕಿದರು. ಅದನ್ನ ಸಿಲಿಕಾನ್‌ಗೆ ಇಳಿಸಿದವರು ಇಟಲಿಯ ಫೆಡರಿಕೊ ಫ್ಯಾಜಿನ್. ಬಿಸಿಕಾಮ್ ಕಡೆಯಿಂದ ಬಂದಿದ್ದ ಮಸಾತೋಶಿ ಶಿಮಾ ಅವರ ಜೊತೆಗಿದ್ದರು. 1970ರ ಡಿಸೆಂಬರ್ ಕೊನೆಗೆ ಮೊದಲ ವೇಫರ್ ಕೈಗೆ ಬಂತು. ಪರೀಕ್ಷೆ ಮಾಡಿದರೆ ಒಂದೂ ಅಲುಗಲಿಲ್ಲ, ಯಾಕೆಂದರೆ ತಯಾರಿಕೆಯಲ್ಲಿ ಒಂದು ಪದರವನ್ನೇ ಬಿಟ್ಟುಬಿಟ್ಟಿದ್ದರು. ಮುಂದಿನ ಜನವರಿಯಲ್ಲಿ ಬಂದದ್ದು ಕೆಲಸ ಮಾಡಿತು. 1971ರ ಮೊದಲರ್ಧದಲ್ಲೇ ಬಿಸಿಕಾಮ್‌ಗೆ ಚಿಪ್‌ಗಳು ಹೋದವು, ಅವರ 141-ಪಿಎಫ್ ಕ್ಯಾಲ್ಕ್ಯುಲೇಟರ್‌ನಲ್ಲಿ ಕೂತವು. ಆದರೆ ಒಪ್ಪಂದದ ಪ್ರಕಾರ ಅದು ಬಿಸಿಕಾಮ್‌ಗೆ ಮಾತ್ರ ಸೇರಿದ್ದು. ಬೆಲೆ ಇಳಿಸಿ ಅಂತ ಅವರು ಒತ್ತಾಯ ಮಾಡಿದಾಗ, ಬೇರೆಯವರಿಗೆ ಮಾರೋ ಹಕ್ಕನ್ನ ಇಂಟೆಲ್ ಬಿಡಿಸಿಕೊಂಡಿತು. ಆಮೇಲೆ ಬಂದದ್ದು ಆ ಜಾಹೀರಾತು.

— ಹಾಗಾದರೆ ನಿನ್ನ ಒಂದು ಚಿಪ್‌ಗೇ ನಾಲ್ಕು ದಿನ. ಮೊದಲು ಉಸಿರಾಡಿದ್ದು, ಗಿರಾಕಿಯ ಕೈ ಸೇರಿದ್ದು, ಮಾರೋ ಹಕ್ಕು ಬಂದದ್ದು, ಊರಿಗೆ ಡಂಗುರ ಸಾರಿದ್ದು.

— ಇಷ್ಟರಲ್ಲೇ ಮುಗಿಯಲ್ಲ. ಅದೇ ವರ್ಷ ಜೂನ್‌ನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರು ಒಂದೇ ಚಿಪ್‌ನಲ್ಲಿ ಸಿಪಿಯು ಅಂತ ಜಾಹೀರಾತು ಕೊಟ್ಟಿದ್ದರು. ಟಿಎಂಎಕ್ಸ್ 1795 ಅಂತ ಅದರ ಹೆಸರು, ಎಂಟು ಬಿಟ್‌ದು.

— ಓಹೋ, 4004ಕ್ಕಿಂತ ಐದು ತಿಂಗಳು ಮುಂಚೆ!

— ಹೌದು, ಆದರೆ ಅದು ಮಾರುಕಟ್ಟೆಗೆ ಬರಲೇ ಇಲ್ಲ. ಸಿಟಿಸಿ ಅನ್ನೋ ಕಂಪನಿ ತನ್ನ ಡೇಟಾಪಾಯಿಂಟ್ 2200 ಟರ್ಮಿನಲ್‌ಗೋಸ್ಕರ ಅದನ್ನ ಮಾಡಿಸಿತ್ತು, ಇಂಟೆಲ್‌ನ 8008 ಶುರುವಾದದ್ದೂ ಅದೇ ಟರ್ಮಿನಲ್‌ಗೆ. ಕೊನೆಗೆ ಸಿಟಿಸಿ ಎರಡನ್ನೂ ಬಿಟ್ಟು ಬಿಡಿ ಬಿಡಿ ಚಿಪ್‌ಗಳಲ್ಲೇ ಯಂತ್ರ ಕಟ್ಟಿತು. ಇಂಟೆಲ್ ತನ್ನದನ್ನ 1972ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಮಾರೋಕೆ ಇಟ್ಟಿತು. ಟೆಕ್ಸಾಸ್‌ನವರದ್ದು ಮೂಲೆ ಸೇರಿತು.

— ಡಂಗುರ ಮಾತ್ರ ಸಾರಿ ಮದುವೆ ಆಗದೇ ಹೋದ ಹಾಗೆ. ಇದರ ತದ್ವಿರುದ್ಧದ ಪ್ರಕರಣ ಇದೆಯಾ, ಕೆಲಸ ಮಾಡಿಯೂ ಸದ್ದಿಲ್ಲದೆ ಇದ್ದದ್ದು?

— ಇದೆ. ಅಮೆರಿಕದ ನೌಕಾಪಡೆಯ ಎಫ್-14 ಯುದ್ಧವಿಮಾನದಲ್ಲಿ ಗಾಳಿಯ ವೇಗ, ಎತ್ತರ ಲೆಕ್ಕ ಹಾಕಿ ರೆಕ್ಕೆ ಹೊಂದಿಸೋಕೆ ಒಂದು ಚಿಪ್‌ಗಳ ಕೂಟ ಇತ್ತು. ರೇ ಹೋಲ್ಟ್ ಅದರ ವಿನ್ಯಾಸಕಾರರಲ್ಲಿ ಒಬ್ಬರು. ಆ ವಿಮಾನ ಮೊದಲ ಸಲ ಹಾರಿದ್ದು 1970ರ ಡಿಸೆಂಬರ್‌ನಲ್ಲಿ. ಹೋಲ್ಟ್ 1971ರಲ್ಲಿ ಲೇಖನ ಬರೆದರೆ ನೌಕಾಪಡೆ ಪ್ರಕಟಣೆಗೆ ಬಿಡಲಿಲ್ಲ. ಹೊರಗಿನ ಜಗತ್ತಿಗೆ ಅದು ಗೊತ್ತಾದದ್ದು 1998ರಲ್ಲಿ. ಒಂದೇ ಚಿಪ್ ಅಲ್ಲ, ಹಲವು ಸೇರಿದ್ದು, ಅದನ್ನ ಮೈಕ್ರೊಪ್ರೊಸೆಸರ್ ಅನ್ನಬೇಕೋ ಬೇಡವೋ ಅಂತ ಇವತ್ತಿಗೂ ಜಗಳ ಇದೆ.

— ಸರಿ, ಜಾಹೀರಾತು ಬಿಡೋಣ. ಚಿಪ್‌ನ ಮೈಮೇಲೇ ಏನೋ ಬರೆದಿರುತ್ತಲ್ಲ. ಕಲ್ಲಿನ ಮಾತು ಮೊದಲು, ಊರಿನವರ ಮಾತು ಆಮೇಲೆ.

— ಬರೆದಿರುತ್ತೆ. ಇದು ಎಸ್.ಪಿ. ರೋಡಿನ ಗುಜರಿ ಅಂಗಡಿಯಲ್ಲಿ ಸಿಕ್ಕ 8086. ಭೂತಗನ್ನಡಿ ಹಿಡಿದು ನೋಡಿ.

— ಸಿ ಅಕ್ಷರದ ಸುತ್ತ ಬಳೆ, ಇಂಟೆಲ್, 1978. ಅದರ ಮೇಲೆ ಎಲ್, ಐದು, ಮೂರು, ಆರು, ಮುಂದೆ ಇನ್ನೇನೋ. ಇದು 1978ರಲ್ಲಿ ಮಾಡಿದ್ದು ಅಂತಲಾ?

— ಅಲ್ಲ. ಸುತ್ತು ಸಿ ಇರೋದು ವಿನ್ಯಾಸದ ಹಕ್ಕಿನ ವರ್ಷ. ಹತ್ತು ವರ್ಷ ಆದ ಮೇಲೆ ಅಚ್ಚು ಹೊಡೆದ ಚಿಪ್‌ನಲ್ಲೂ ಅದೇ ವರ್ಷ ಇರುತ್ತೆ. ಮೇಲಿನ ಸಾಲು ಕಾರ್ಖಾನೆಯ ಗುರುತು. ಎಲ್ ಅಂದರೆ ಮಲೇಷ್ಯಾದಲ್ಲಿ ಪ್ಯಾಕ್ ಆಗಿದ್ದು, ಐದು ಅಂದರೆ ವರ್ಷದ ಕೊನೆಯ ಅಂಕಿ, ಮೂವತ್ತಾರು ಅಂದರೆ ಆ ವರ್ಷದ 36ನೇ ವಾರ.

— ಐದು ಅಂದರೆ 1985 ಇರಬಹುದು, 1995 ಇರಬಹುದು.

— ಅದೇ ತೊಂದರೆ. ಬೇರೆ ಕಂಪನಿಗಳವರು ನಾಲ್ಕು ಅಂಕಿ ಹಾಕ್ತಾರೆ: 7843 ಅಂದರೆ 1978ರ 43ನೇ ವಾರ. ಅದು ವಾಸಿ. ಆದರೆ ಯಾವುದೇ ಕೋಡ್ ಆಗಲಿ, ಅದು ಈ ಒಂದು ತುಂಡು ಪ್ಯಾಕ್ ಆದ ವಾರ ಹೇಳುತ್ತೆ, ಆ ಮಾದರಿ ಹುಟ್ಟಿದ ದಿನ ಅಲ್ಲ. ಸಿಕ್ಕಿದ್ದರಲ್ಲೇ ತೀರ ಹಳೆಯ ಕೋಡ್ ಯಾವುದು ಅಂತ ಸಂಗ್ರಾಹಕರು ಹುಡುಕೋದು ಅದಕ್ಕೇ. 7843 ಅನ್ನೋ ಒಂದು ಚಿಪ್ ಕೈಲಿದ್ದರೆ, ಆ ಮಾದರಿ 1979ರಲ್ಲಿ ಶುರುವಾಯಿತು ಅನ್ನೋ ಮಾತು ಬಿದ್ದುಹೋಯಿತು.

— ಕೊನೆಯ ಗಡಿ ಸಿಗುತ್ತೆ, ಮೊದಲಿನ ಗಡಿ ಸಿಗಲ್ಲ. ನಮಗೂ ಅಷ್ಟೇ. ದೇವಸ್ಥಾನದ ಗೋಡೆಯಲ್ಲಿ ದಾನಶಾಸನ ಇದ್ದರೆ ಆ ಹೊತ್ತಿಗೆ ಗೋಡೆ ಇತ್ತು ಅಂತ ಗೊತ್ತಾಗುತ್ತೆ, ಕಟ್ಟಿದ್ದು ಯಾವಾಗ ಅಂತ ಅಲ್ಲ. ಅಂದ ಹಾಗೆ, ಈ ಅಕ್ಷರಗಳನ್ನ ಉಜ್ಜಿ ಬೇರೆ ಹಾಕೋಕೆ ಆಗಲ್ವಾ?

— ಧಾರಾಳವಾಗಿ. ಮೇಲ್ಮೈ ಉಜ್ಜಿ, ಕಪ್ಪು ಬಳಿದು, ಹೊಸದಾಗಿ ಅಚ್ಚು ಹಾಕ್ತಾರೆ. ತೊಂಬತ್ತರ ದಶಕದಲ್ಲಿ ನಿಧಾನದ ಪೆಂಟಿಯಂ ಮೇಲೆ ವೇಗದ ಅಂಕಿ ಬರೆದು ಮಾರೋರು ಜಗತ್ತಿನಾದ್ಯಂತ ಇದ್ದರು. ಈಗ ಸಂಗ್ರಾಹಕರಿಗೆ ಅಂತ ಹಳೆಯ ಕೋಡ್ ಬರೆಯೋರೂ ಇದ್ದಾರೆ.

— ಕೂಟಶಾಸನ! ಫ್ಲೀಟ್ ಇದ್ದಿದ್ದರೆ ಖುಷಿ ಪಡ್ತಿದ್ದರು. ಆದರೆ ಮೈಮೇಲಿನ ಬರಹ ಬದಲಾಯಿಸಿದರೂ ಒಳಗಿನ ನಡವಳಿಕೆ ಬದಲಾಗಲ್ಲ ಅಲ್ವಾ? ಲಿಪಿ ನೋಡಿ ಕಾಲ ಹೇಳೋ ಹಾಗೆ, ನಿಮಗೆ ಅಂಥ ಗುರುತು ಏನಾದರೂ ಇದೆಯಾ?

— ಇದೆ, ನನಗೆ ಇಷ್ಟವಾದ ಭಾಗವೇ ಅದು. ಎಂಒಎಸ್ ಟೆಕ್ನಾಲಜಿಯವರ 6502 ತಗೊಳ್ಳಿ. ಮೊದಮೊದಲು ಬಂದ 6502ರಲ್ಲಿ ಆರ್‌ಒಆರ್ ಅನ್ನೋ ಆದೇಶ ಇರಲಿಲ್ಲ. ಬಿಟ್‌ಗಳನ್ನ ಬಲಕ್ಕೆ ಸುತ್ತಿಸೋ ಆದೇಶ ಅದು. 1976ರ ಮಧ್ಯದ ಹೊತ್ತಿಗೆ ಸೇರಿಸಿದರು. ಹೊರಗಡೆ ಯಾವ ತಾರೀಖು ಅಚ್ಚು ಹಾಕಿದ್ದರೂ, ನಾಲ್ಕು ಸಾಲಿನ ಪ್ರೋಗ್ರಾಂ ಓಡಿಸಿದರೆ ಆ ಚಿಪ್ ಅದಕ್ಕಿಂತ ಹಿಂದಿನದೋ ಮುಂದಿನದೋ ಗೊತ್ತಾಗುತ್ತೆ. 386ರಲ್ಲೂ ಅಷ್ಟೇ. ಶುರುವಿನ ಚಿಪ್‌ಗಳಲ್ಲಿ 32 ಬಿಟ್ ಗುಣಾಕಾರ ಕೆಲವು ಸಲ ತಪ್ಪುತ್ತಿತ್ತು. 1987ರಲ್ಲಿ ಅದು ಬಯಲಾದಾಗ ಇಂಟೆಲ್ ಎಲ್ಲವನ್ನೂ ಪರೀಕ್ಷಿಸಿ, ಪಾಸಾದವುಗಳ ಮೇಲೆ ಎರಡು ಸಿಗ್ಮಾ ಅಕ್ಷರ ಹಾಕಿತು. ಫೇಲಾದವನ್ನ ಎಸೆಯಲಿಲ್ಲ, 16 ಬಿಟ್ ಸಾಫ್ಟ್‌ವೇರ್‌ಗೆ ಮಾತ್ರ ಅಂತ ಮುದ್ರೆ ಒತ್ತಿ ಮಾರಿತು.

— ನನಗೆ ಬೇರೆ ಪ್ರಶ್ನೆ. 386 ಬಂದದ್ದು 1985 ಅಂದೆ. ಲೆಕ್ಕ ಸರಿಯಾಗಿ ಮಾಡುತ್ತೆ ಅಂತ ಗ್ಯಾರಂಟಿ ಬಂದದ್ದು 1987. ನಿನ್ನ ಬೀರುವಿನಲ್ಲಿ ಇರೋ ತುಂಡು ಯಾವುದು?

— ಎರಡು ಸಿಗ್ಮಾದ್ದು.

— ಹಾಗಾದರೆ ‘1985’ ಅಂತ ಚೀಟಿ ಹಚ್ಚಿದರೆ ನೋಡೋ ಹುಡುಗರಿಗೆ ಈ ತುಂಡೇ ಆ ವರ್ಷದ್ದು ಅನ್ನಿಸುತ್ತೆ. ಮಾದರಿಗೆ ಒಂದು ವರ್ಷ, ತುಂಡಿಗೆ ಒಂದು ವರ್ಷ, ಎರಡೂ ಬರಿ.

— 1985ರಲ್ಲೂ ಇನ್ನೊಂದು ಗೋಜಲು ಇದೆ ಮಾವ. ಅಕ್ಟೋಬರ್ 17 ಪ್ರಕಟಣೆಯ ದಿನ. ರಾಶಿ ರಾಶಿ ತಯಾರಾಗಿ ಬಂದದ್ದು 1986ರಲ್ಲಿ. ಜನ ಅಂಗಡಿಗೆ ಹೋಗಿ 386 ಇರೋ ಪಿಸಿ ಕೊಳ್ಳೋ ಹಾಗಾದದ್ದು ಆ ವರ್ಷ ಸೆಪ್ಟೆಂಬರ್‌ನಲ್ಲಿ ಕಾಂಪ್ಯಾಕ್‌ನವರು ಡೆಸ್ಕ್‌ಪ್ರೊ 386 ತಂದ ಮೇಲೆ. 486ದ್ದೂ ಅದೇ ಹಾಡು: ಏಪ್ರಿಲ್ 1989ರಲ್ಲಿ ಷಿಕಾಗೊದ ಕಾಮ್‌ಡೆಕ್ಸ್ ಮೇಳದಲ್ಲಿ ಪ್ರಕಟಿಸುವಾಗಲೇ, ಸ್ಯಾಂಪಲ್ ಮೂರನೇ ತ್ರೈಮಾಸಿಕಕ್ಕೆ, ಸರಕು ನಾಲ್ಕನೆಯದಕ್ಕೆ ಅಂತ ಹೇಳಿದ್ದರು. ಪೆಂಟಿಯಂ ಪ್ರಕಟವಾದದ್ದು ಮಾರ್ಚ್, ಯಂತ್ರಗಳು ಬಂದದ್ದು ಮೇ ತಿಂಗಳಲ್ಲಿ.

— ಪೆಂಟಿಯಂ ನಮ್ಮ ಪುಣೆಯವರೊಬ್ಬರದು ಅಂತ ಪೇಪರಿನಲ್ಲಿ ಓದಿದ್ದೆ.

— ವಿನೋದ್ ಧಾಮ್. ಆ ಗುಂಪಿನ ಮುಖ್ಯಸ್ಥರಾಗಿದ್ದರು. ಆದರೆ 6502 ಕಥೆ ಪೂರ್ತಿ ಹೇಳಿಲ್ಲ ನಾನು. ಅದರ ಬಿಡುಗಡೆಗೆ ಜಾಗ, ಹೋಟೆಲು ಎಲ್ಲ ಗೊತ್ತು. 1975ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೆಸ್ಕಾನ್ ಮೇಳ. ಚಕ್ ಪೆಡಲ್ ಮತ್ತು ಅವರ ಎಂಒಎಸ್ ಟೆಕ್ನಾಲಜಿಯವರು ಚಿಪ್ 25 ಡಾಲರ್ ಅಂತ ಮೊದಲೇ ಜಾಹೀರಾತು ಕೊಟ್ಟಿದ್ದರು. ಇಂಟೆಲ್, ಮೋಟೊರೋಲ ಚಿಪ್‌ಗಳಿಗೆ ಅದರ ಎಷ್ಟೋ ಪಟ್ಟು ಬೆಲೆ ಇದ್ದ ಕಾಲ. ಮೇಳದ ಒಳಗೆ ಕೈಗೆ ಕೈ ವ್ಯಾಪಾರ ಮಾಡಬಾರದು ಅಂತ ನಿಯಮ. ಇವರು ಸೇಂಟ್ ಫ್ರಾನ್ಸಿಸ್ ಹೋಟೆಲಿನಲ್ಲಿ ರೂಮು ಹಿಡಿದು, ದೊಡ್ಡ ಗಾಜಿನ ಜಾಡಿ ತುಂಬ ಚಿಪ್ ಇಟ್ಟುಕೊಂಡು ಕೂತರು. ಜಾಡಿ ನೋಡಿದವರಿಗೆ, ಅಬ್ಬಾ ಇಷ್ಟೊಂದು ತಯಾರಾಗಿದೆಯಾ ಅನ್ನಿಸಬೇಕು ಅಂತ. ಕೆಳಗಿದ್ದವು ಕೆಟ್ಟ ಚಿಪ್‌ಗಳು, ಮೇಲಿನವು ಮಾತ್ರ ಕೆಲಸ ಮಾಡುವವು ಅಂತ ಪೆಡಲ್ ಆಮೇಲೆ ಹೇಳಿಕೊಂಡಿದ್ದಾರೆ. ಅಲ್ಲಿ ಕೊಂಡವರಲ್ಲಿ ಸ್ಟೀವ್ ವೊಜ್ನಿಯಾಕ್ ಒಬ್ಬರು. ಆಪಲ್ ಒಂದಕ್ಕೆ ಹಾಕಿದ್ದು 6502 ಚಿಪ್ಪೇ.

— ಆಹಾ! ಇದಕ್ಕಿಂತ ಚೆನ್ನಾದ ಬಿಡುಗಡೆ ಎಲ್ಲಿದೆ? ಗಿರಾಕಿ ದುಡ್ಡು ಕೊಟ್ಟ, ಚಿಪ್ ಕೈಗೆ ಬಂತು, ಅದೇ ಗಳಿಗೆ. ಚೀಟಿಯಲ್ಲಿ ಧೈರ್ಯವಾಗಿ ‘ಸೆಪ್ಟೆಂಬರ್ 1975’ ಅಂತ ಬರಿ.

— ಪೆಡಲ್ ಅವರ ಜಾಡಿಯ ಮಾತು ನಂಬ್ತೀರಾ?

— ಜಾಡಿ ಇತ್ತು ಅಂತ ನಂಬ್ತೀನಿ. ಕೆಳಗೆ ಏನಿತ್ತು ಅನ್ನೋದು ಅವರೊಬ್ಬರ ಬಾಯಿಂದ ಬಂದದ್ದು, ‘ಅಂತೆ’ ಅಂತ ಸೇರಿಸಿ ಹೇಳ್ತೀನಿ. ಮನುಷ್ಯನಿಗೆ ದೃಶ್ಯ ನೆನಪಿರುತ್ತೆ, ತಾರೀಖು ನೆನಪಿರಲ್ಲ. ನಿನ್ನ ಹುಟ್ಟಿದ ದಿನ ಮಳೆ ಬರ್ತಿತ್ತು ಅಂತ ನಿಮ್ಮಮ್ಮ ಹೇಳ್ತಾಳೆ. ಅದು ನಿಜ, ಆದರೆ ತಾರೀಖು ಕೇಳಿದರೆ ಆಸ್ಪತ್ರೆಯ ಕಾಗದ ತರ್ತಾಳೆ. ಇವರಿಗೆ ಕಾಗದ ಯಾವುದು?

— ಮೊದಲನೇದು ಆ ಕಾಲದ ಪತ್ರಿಕೆಗಳು. ಎಲೆಕ್ಟ್ರಾನಿಕ್ಸ್, ಬೈಟ್, ಇನ್ಫೊವರ್ಲ್ಡ್. ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಮನೆಯಲ್ಲೇ ಕೂತು ಓದಬಹುದು. ಆದರೆ ಮಾಸಪತ್ರಿಕೆಯ ಮುಖಪುಟದ ತಿಂಗಳು ನಂಬೋ ಹಾಗಿಲ್ಲ. 8080 ಇದ್ದ ಆಲ್ಟೇರ್ ಕಂಪ್ಯೂಟರ್ ಬಂದದ್ದು ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ 1975ರ ಜನವರಿ ಸಂಚಿಕೆಯಲ್ಲಿ. ಪಾಲ್ ಅಲೆನ್ ಅದನ್ನ ಹಾರ್ವರ್ಡ್ ಚೌಕದ ಪೇಪರ್ ಅಂಗಡಿಯಲ್ಲಿ ಕೊಂಡು ಬಿಲ್ ಗೇಟ್ಸ್ ಹತ್ತಿರ ಓಡಿದ್ದು 1974ರ ಡಿಸೆಂಬರ್‌ನಲ್ಲಿ.

— ನಮ್ಮ ದೀಪಾವಳಿ ವಿಶೇಷಾಂಕ ನವರಾತ್ರಿಗೇ ಬರೋ ಹಾಗೆ. ಹಾಗಾದರೆ ವಾರಪತ್ರಿಕೆ ಉತ್ತಮ, ದಿನಪತ್ರಿಕೆ ಇನ್ನೂ ಉತ್ತಮ.

— ದಿನಪತ್ರಿಕೆಯಲ್ಲಿ ಹೊಸ ಚಿಪ್‌ನ ಸುದ್ದಿ ಮೊದಮೊದಲು ಅಪರೂಪ. ಎಪ್ಪತ್ತರ ದಶಕದಲ್ಲಿ ಯಾರಿಗೆ ಬೇಕಿತ್ತು? ಎರಡನೇದು ಕಂಪನಿಯ ಡೇಟಾಶೀಟ್‌ಗಳು, ಕೈಪಿಡಿಗಳು. ಇವುಗಳ ತಲೆಯ ಮೇಲೆ ‘ಅಡ್ವಾನ್ಸ್ ಇನ್‌ಫರ್ಮೇಷನ್’ ಅಂತ ಇದ್ದರೆ ಚಿಪ್ ಇನ್ನೂ ತಯಾರಿಯ ಹಾದಿಯಲ್ಲಿದೆ ಅಂತ. ‘ಪ್ರಿಲಿಮಿನರಿ’ ಅಂತ ಇದ್ದರೆ ತುಂಡುಗಳು ಬಂದಿವೆ, ಅಂಕಿಗಳು ಬದಲಾಗಬಹುದು ಅಂತ. ಎರಡೂ ಇಲ್ಲದಿದ್ದರೆ ಪಕ್ವವಾಗಿದೆ ಅಂತ. ಒಂದೇ ಚಿಪ್‌ನ ಮೂರು ಡೇಟಾಶೀಟ್ ಸಿಕ್ಕರೆ ಅದರ ಬಸಿರು, ಬಾಣಂತನ ಎಲ್ಲ ಓದಬಹುದು.

— ಸರ್ಕಾರದ ದಾಖಲೆ ಇಲ್ವಾ?

— 1984ರ ನಂತರದ ಚಿಪ್‌ಗಳಿಗೆ ಇದೆ, ಬಹಳ ಜನ ಅದನ್ನ ನೋಡೋದೇ ಇಲ್ಲ. ಚಿಪ್‌ನ ವಿನ್ಯಾಸ ನಕಲು ಮಾಡದ ಹಾಗೆ ಅಮೆರಿಕ ಆ ವರ್ಷ ಒಂದು ಕಾಯ್ದೆ ತಂತು. ಆಮೇಲೆ ಬಂದ ಚಿಪ್‌ಗಳ ಮೇಲೆ ಸುತ್ತು ಸಿ ಪಕ್ಕದಲ್ಲಿ ಸುತ್ತು ಎಂ ಕಾಣೋದು ಅದಕ್ಕೇ. ನೋಂದಣಿಯ ಅರ್ಜಿಯಲ್ಲಿ, ಈ ವಿನ್ಯಾಸದಿಂದ ಮೊದಲ ಸಲ ವ್ಯಾಪಾರ ನಡೆದದ್ದು ಯಾವ ದಿನ, ಯಾವ ದೇಶದಲ್ಲಿ ಅಂತ ಬರೀಬೇಕು. ಆ ದಿನದಿಂದ ಎರಡು ವರ್ಷದೊಳಗೆ ನೋಂದಾಯಿಸದಿದ್ದರೆ ಹಕ್ಕು ಹೋಗುತ್ತೆ.

— ಸುಳ್ಳು ಬರೆದರೆ ಹಕ್ಕಿಗೇ ಕುತ್ತು. ಅದು ಕಂಪನಿಯ ಪ್ರಚಾರದವರು ಬರೆದದ್ದಲ್ಲ, ವಕೀಲರು ಬರೆದದ್ದು. ಭೂದಾನದ ಶಾಸನಕ್ಕೂ ಪ್ರಶಸ್ತಿ ಶಾಸನಕ್ಕೂ ಇರೋ ವ್ಯತ್ಯಾಸ ಇದು. ಪ್ರಶಸ್ತಿಯಲ್ಲಿ ರಾಜ ಸಮುದ್ರದವರೆಗೆ ಗೆದ್ದಿರ್ತಾನೆ. ದಾನದಲ್ಲಿ ಹೊಲದ ಎಲ್ಲೆ ಒಂದು ಮೊಳ ತಪ್ಪಿರಲ್ಲ.

— ಝಡ್80ಗೆ ಅಂಥ ಕಾಗದ ಇಲ್ಲವಲ್ಲ ಮಾವ, ಅದು 1976. ಫ್ಯಾಜಿನ್ ಇಂಟೆಲ್ ಬಿಟ್ಟು ಝೈಲಾಗ್ ಕಟ್ಟಿ ಮಾಡಿದ ಚಿಪ್. ಮಾರ್ಚ್ ಅನ್ನೋರು ಇದ್ದಾರೆ, ಜುಲೈ ಅನ್ನೋರು ಇದ್ದಾರೆ.

— ಮೊದಲು ಕೆಲಸ ಮಾಡಿದ್ದು ಮಾರ್ಚ್, ಮಾರಾಟ ಜುಲೈ ಅಂತ ಇರಬಹುದಾ?

— ಹಾಗೇ ಅನ್ನಿಸುತ್ತೆ. ಹುಟ್ಟು ಹೀಗಾದರೆ, ಮುಕ್ತಾಯ ಮಾತ್ರ ಕರಾರುವಾಕ್ಕು. 2024ರ ಏಪ್ರಿಲ್‌ನಲ್ಲಿ ಕಂಪನಿ ಪತ್ರ ಬರೆದು, ಆ ಚಿಪ್‌ನ ಮೂಲ ಕುಟುಂಬಕ್ಕೆ ಜೂನ್ 14ರ ನಂತರ ಆರ್ಡರ್ ತಗೊಳ್ಳಲ್ಲ ಅಂತ ತಿಳಿಸಿತು. ನಲವತ್ತೆಂಟು ವರ್ಷ ಮಾರಾಟದಲ್ಲಿತ್ತು.

— ಅಂಗಡಿ ಮುಚ್ಚುವಾಗ ಎಲ್ಲರಿಗೂ ನೋಟಿಸ್ ಕೊಡಲೇಬೇಕು, ತೆಗೆಯುವಾಗ ಯಾರು ಕೇಳ್ತಾರೆ? ಅದು ಸರಿ, ನಿನ್ನ ಕಾಲೇಜಿನ ಹುಡುಗರು ದಿನಾ ಮುಟ್ಟೋ ಚಿಪ್ ಯಾವುದು?

— 8085. ನಾವೂ ಲ್ಯಾಬಿನಲ್ಲಿ ಅದರ ಕಿಟ್ ಮೇಲೇ ಹೆಕ್ಸ್ ಕೋಡ್ ಒತ್ತಿ ಒತ್ತಿ ಬೆರಳು ಸವೆಸಿದ್ದು. ನಮ್ಮ ಕಡೆಯ ನೋಟ್ಸ್‌ಗಳಲ್ಲಿ 1977 ಅಂತ ಇರುತ್ತೆ, ವೈವಾದಲ್ಲಿ ಅದನ್ನೇ ಹೇಳಬೇಕು. ಇಂಟೆಲ್ ಪಟ್ಟಿಯಲ್ಲಿ 1976ರ ಮಾರ್ಚ್ ಅಂತ ಇದೆ.

— ವೈವಾದಲ್ಲಿ 1976 ಅಂದರೆ ಮಾರ್ಕ್ಸ್ ಹೋಗುತ್ತಾ?

— ಪರೀಕ್ಷಕರ ಮೇಲೆ. ನಾನು ಚೀಟಿಯಲ್ಲಿ ‘ಮಾರ್ಚ್ 1976, ಇಂಟೆಲ್ ಪಟ್ಟಿಯಂತೆ’ ಅಂತ ಬರೀತೀನಿ. ಹುಡುಗರು ಪರೀಕ್ಷಕರನ್ನ ಬೀರುವಿನ ಹತ್ತಿರ ಕರ್ಕೊಂಡು ಬರಲಿ.

— ಉಳಿದದ್ದು ಈ ಎರಡು ದೊಡ್ಡ ಚಿಪ್‌ಗಳು. ಇವಕ್ಕೆ ಚೀಟಿಯೇ ಇಲ್ವಲ್ಲ?

— ಇವು ಹೊಸ ಶತಮಾನದವು, ಗಿಗಾಹರ್ಟ್ಸ್ ಓಟದವು. ಎಎಂಡಿಯವರು 1 ಗಿಗಾಹರ್ಟ್ಸ್ ಅಥ್ಲಾನ್ ಪ್ರಕಟಿಸಿದ್ದು 2000ದ ಮಾರ್ಚ್ 6. ಇಂಟೆಲ್ ತನ್ನ 1 ಗಿಗಾಹರ್ಟ್ಸ್ ಪೆಂಟಿಯಂ 3 ಪ್ರಕಟಿಸಿದ್ದು ಮಾರ್ಚ್ 8.

— ಎರಡೇ ದಿನ!

— ಆದರೆ ಇಂಟೆಲ್‌ದು ತಿಂಗಳುಗಟ್ಟಲೆ ಅಂಗಡಿಯಲ್ಲಿ ಸಿಗೋದೇ ಕಷ್ಟವಾಗಿತ್ತು. ಕಾಗದದ ಮೇಲಿನ ಬಿಡುಗಡೆ ಅಂತ ಆಗ ಆಡಿಕೊಂಡರು. ಹಟಕ್ಕೆ ಬಿದ್ದು ಇಂಟೆಲ್ ಜುಲೈ 31ಕ್ಕೆ 1.13 ಗಿಗಾಹರ್ಟ್ಸ್‌ದು ಪ್ರಕಟಿಸಿತು. ಪರೀಕ್ಷೆ ಮಾಡಿದವರು, ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡೋಕೆ ಹೋದರೆ ಇದು ಎಡವುತ್ತೆ ಅಂತ ತೋರಿಸಿದರು. ಆಗಸ್ಟ್ ಕೊನೆಗೆ ಎಲ್ಲ ವಾಪಸ್ ತಗೊಂಡರು.

— ಒಂದೇ ತಿಂಗಳ ಬಾಳು. ಆದರೆ ಆ 1 ಗಿಗಾಹರ್ಟ್ಸ್ ಲೆಕ್ಕ ನೋಡು, ಎಷ್ಟು ಸಲೀಸಾಗಿದೆ. ಪ್ರಕಟಣೆ ನೋಡಿದರೂ ಎಎಂಡಿ ಮೊದಲು, ಅಂಗಡಿ ನೋಡಿದರೂ ಎಎಂಡಿ ಮೊದಲು. ತಾರೀಖು ಹೇಗೇ ಎಣಿಸು, ಯಾರ ಹಿಂದೆ ಯಾರು ಅನ್ನೋದು ಬದಲಾಗಲ್ಲ. ಇಲ್ಲಿ ‘ಮೊದಲು’ ಅಂತ ನಿಶ್ಚಿಂತೆಯಿಂದ ಬರೀಬಹುದು.

— 4004ರ ಹತ್ತಿರ ಬಂದರೆ ಬದಲಾಗುತ್ತೆ.

— ಜಾಹೀರಾತು ಎಣಿಸಿದರೆ ಟೆಕ್ಸಾಸ್, ಮಾರಾಟ ಎಣಿಸಿದರೆ ಇಂಟೆಲ್, ಹಾರಾಟ ಎಣಿಸಿದರೆ ಆ ಯುದ್ಧವಿಮಾನ. ಅಲ್ಲಿ ಬರೀ ‘ಮೊದಲು’ ಅಂತ ಬರೀಬಾರದು.

— ಅಲ್ಲೇ ನನಗೆ ಕಷ್ಟ ಇರೋದು. ನಮ್ಮ ಹತ್ತಿರ 4004 ಇಲ್ಲ, ಅಷ್ಟು ದುಡ್ಡು ಎಲ್ಲಿಂದ, ಫೋಟೊ ಇಡ್ತಿದ್ದಾರೆ. ಅದರ ಕೆಳಗೆ ‘ಜಗತ್ತಿನ ಮೊದಲ ಮೈಕ್ರೊಪ್ರೊಸೆಸರ್’ ಅಂತ ದಪ್ಪಕ್ಷರದಲ್ಲಿ ಬರಲೇಬೇಕು ಅಂತ ವಿಭಾಗದ ಮುಖ್ಯಸ್ಥರು ಹಟ ಹಿಡಿದಿದ್ದಾರೆ.

— ಬರಲಿ ಬಿಡು. ‘ಮೊದಲ’ ಅನ್ನೋದರ ಮುಂದೆ ‘ಎಲ್ಲರಿಗೂ ಮಾರಾಟಕ್ಕೆ ಬಂದ, ಒಂದೇ ಚಿಪ್‌ನ’ ಅಂತ ಸೇರಿಸು.

— ಸಾಲು ಉದ್ದ ಆಯಿತು, ಚೀಟಿಯಲ್ಲಿ ಹಿಡಿಸಲ್ಲ ಅಂತಾರೆ.

— ಅಕ್ಷರದ ದಪ್ಪ ಕಮ್ಮಿ ಮಾಡು, ಹಿಡಿಸುತ್ತೆ.